ಗಂಟಲ ಹಿಂದೆ ಸದಾ ಅಂಟಿಕೊಂಡಿರುವ ಕಫ: ಐದು ತಿಂಗಳಾದರೂ ಹೋಗುತ್ತಿಲ್ಲ, ಎಲ್ಲಿಂದ ಶುರು ಮಾಡಬೇಕು?

ಹೊಳೆಬಾಗಿಲು (ಪ್ರಶ್ನೆ)

ಅಕ್ಕನಿಗೆ 46 ವರ್ಷ, ಸಾಗರದ ಕಡೆ ಹೈಸ್ಕೂಲ್ ಟೀಚರ್. ಜೂನ್ ಕೊನೆಯಲ್ಲಿ ನೆಗಡಿ ಬಂದು ಹೋಯಿತು, ಗಂಟಲ ಹಿಂದಿನ ಕಫ ಮಾತ್ರ ಉಳಿದುಕೊಂಡಿದೆ. ಈಗ ಐದು ತಿಂಗಳು. ಕಿರುನಾಲಿಗೆಯ ಹಿಂದೆ ಏನೋ ಅಂಟಿಕೊಂಡ ಹಾಗೆ ಇರುತ್ತದಂತೆ. ಕ್ಯಾಕರಿಸಿದರೆ ಚೂರು ಬಿಳಿ ಲೋಳೆ ಬರುತ್ತದೆ, ಕೆಲವೊಮ್ಮೆ ಏನೂ ಬರುವುದಿಲ್ಲ, ಎರಡು ನಿಮಿಷಕ್ಕೆ ಮತ್ತೆ ಅದೇ. ಬೆಳಿಗ್ಗೆ ಎದ್ದಾಗ ಮತ್ತು ರಾತ್ರಿ ಊಟದ ನಂತರ ಹೆಚ್ಚು. ಮೂರನೇ ಪೀರಿಯಡ್ ಹೊತ್ತಿಗೆ ಧ್ವನಿ ಒಡೆಯುತ್ತದೆ, ಭಾನುವಾರ ಸರಿಯಿರುತ್ತದೆ. ಜ್ವರ ಇಲ್ಲ, ತೂಕ ಇಳಿದಿಲ್ಲ, ನುಂಗಲು ತೊಂದರೆ ಇಲ್ಲ, ಎದೆಯುರಿ ಇಲ್ಲ.

ಇದುವರೆಗೆ ಆಗಿರುವುದು: ಎರಡು ಸಲ ಆಂಟಿಬಯೋಟಿಕ್, ಮಾಂಟೆಲುಕಾಸ್ಟ್-ಲಿವೊಸೆಟಿರಿಜಿನ್ ಎಂಬ ಅಲರ್ಜಿ ಮಾತ್ರೆ ಒಂದು ತಿಂಗಳು, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಹತ್ತು ದಿನ, ಮೂಗಿಗೆ ಫ್ಲುಟಿಕಸೋನ್ ಸ್ಪ್ರೇ ನಾಲ್ಕು ದಿನ (ಏನೂ ಆಗಲಿಲ್ಲ ಅಂತ ಬಿಟ್ಟಿದ್ದಾಳೆ), ದಿನಾ ಎರಡು ಹೊತ್ತು ಹಬೆ, ಉಪ್ಪುನೀರು ಮುಕ್ಕಳಿಸುವುದು. ಸೈನಸ್ ಎಕ್ಸ್‌ರೇ ನಾರ್ಮಲ್. ಬಿಪಿ ಮಾತ್ರೆ ದಿನಕ್ಕೊಂದು ಇದೆ. ಹಾಲು, ಮೊಸರು ಮೂರು ತಿಂಗಳಿಂದ ಬಂದ್.

ಯಾವುದನ್ನು ಮೊದಲು ಮಾಡಬೇಕು, ಎಷ್ಟು ದಿನ ಮಾಡಿ ನೋಡಬೇಕು, ಯಾವಾಗ ಸ್ಕ್ಯಾನ್ ಗೀನ್ ಅಂತ ಯೋಚಿಸಬೇಕು? ಗೊತ್ತಿರುವವರು ವಿವರವಾಗಿ ಹೇಳಿ.

ಬಿಳಿಗಿರಿ

ಪಟ್ಟಿ ನೋಡಿದರೆ ಮದ್ದು ಕಡಿಮೆಯಾಗಿಲ್ಲ, ಆದರೆ ಮುಖ್ಯವಾದ ಯಾವುದಕ್ಕೂ ಅದರ ಅವಧಿ ಸಿಕ್ಕಿಲ್ಲ. ಫ್ಲುಟಿಕಸೋನ್ ಪೂರ್ತಿ ಕೆಲಸ ತೋರಿಸಲು ಎರಡು ವಾರ ಬೇಕು, ನಾಲ್ಕು ದಿನಕ್ಕೆ ಬಿಟ್ಟರೆ ಅದು ಪರೀಕ್ಷೆಯೇ ಆಗಲಿಲ್ಲ. ಜೊತೆಗೆ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಗುಣವಾಯಿತು ಎಂಬುದೂ ತಿಳಿಯುವುದಿಲ್ಲ.

ಮೂಗು ಮತ್ತು ಸೈನಸ್ಸುಗಳ ಒಳಪೊರೆ ಆರೋಗ್ಯವಾಗಿರುವಾಗಲೂ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಲೋಳೆ ತಯಾರಿಸುತ್ತದೆ. ಆ ಪೊರೆಯ ಮೇಲಿನ ಸೂಕ್ಷ್ಮ ರೋಮಗಳು ಅದನ್ನು ನಿಮಿಷಕ್ಕೆ ಐದಾರು ಮಿಲಿಮೀಟರ್ ವೇಗದಲ್ಲಿ ಹಿಂದಕ್ಕೆ ದೂಡುತ್ತವೆ, ನಾವು ಅರಿವಿಲ್ಲದೆ ನುಂಗುತ್ತೇವೆ. ಅಂದರೆ ಗಂಟಲ ಹಿಂದೆ ಲೋಳೆ ಇಳಿಯುವುದು ರೋಗವಲ್ಲ, ಅದು ಗಮನಕ್ಕೆ ಬರತೊಡಗುವುದು ತೊಂದರೆ. ಗಮನಕ್ಕೆ ಬರುವುದು ಮೂರು ಕಾರಣಕ್ಕೆ: ಪ್ರಮಾಣ ಹೆಚ್ಚಾದಾಗ (ಅಲರ್ಜಿ, ಸೈನಸ್), ನೀರಿನಂಶ ಕಡಿಮೆಯಾಗಿ ಗಟ್ಟಿಯಾದಾಗ (ಒಣಗಾಳಿ, ಬಾಯಲ್ಲಿ ಉಸಿರಾಟ, ಒಣಗಿಸುವ ಔಷಧ), ಇಲ್ಲವೇ ಗಂಟಲೇ ಕೆರಳಿ ಎಂದಿನ ಲೋಳೆಯನ್ನೂ ಪರಕೀಯ ವಸ್ತುವಿನಂತೆ ಗ್ರಹಿಸಿದಾಗ. ಮೂರನೆಯದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕ್ಯಾಕರಿಸಿದರೂ ಏನೂ ಬರುವುದಿಲ್ಲ ಎಂದು ನೀವು ಬರೆದಿರುವುದು ಆ ಕಡೆಗೇ ಬೊಟ್ಟು ಮಾಡುತ್ತದೆ.

ಒಂದು ವಾರ ಚೀಟಿಯಲ್ಲಿ ಬರೆದಿಡಲು ಹೇಳಿ: ಯಾವ ಹೊತ್ತಿಗೆ ಹೆಚ್ಚು, ಅದಕ್ಕೆ ಮುಂಚೆ ಏನಾಗಿತ್ತು, ಸೀನು ಬಂತೇ, ಮೂಗು ಕಟ್ಟಿತ್ತೇ. ಸೀನು, ಮೂಗು-ಕಣ್ಣು-ಅಂಗುಳದ ತುರಿಕೆ, ಗುಡಿಸುವಾಗ ಇಲ್ಲವೇ ಹಾಸಿಗೆ ಕೊಡವುವಾಗ ಹೆಚ್ಚಾಗುವುದು ಇದ್ದರೆ ಅಲರ್ಜಿ. ವಾಸನೆ ಗೊತ್ತಾಗದಿರುವುದು, ಮುಖ ಭಾರ, ಮೂಗು ಕಟ್ಟುವುದು, ಬಣ್ಣದ ಕಫ 12 ವಾರ ದಾಟಿದ್ದರೆ ದೀರ್ಘಕಾಲದ ಸೈನಸ್ ಉರಿಯೂತ. ಊಟದ ನಂತರ, ಬಗ್ಗಿದಾಗ, ಮಲಗಿದಾಗ ಹೆಚ್ಚಾಗಿ, ಮೂಗು ಪೂರ್ತಿ ಸ್ವಚ್ಛವಾಗಿದ್ದರೆ ಹೊಟ್ಟೆಯಿಂದ ಮೇಲೇರುವ ರಿಫ್ಲಕ್ಸ್. ಎರಡು ಒಟ್ಟಿಗೇ ಇರುವುದೂ ಸಾಮಾನ್ಯ.

ಕಫದ ಬಣ್ಣ ನೋಡಿ ಆಂಟಿಬಯೋಟಿಕ್ ತೆಗೆದುಕೊಳ್ಳುವ ಅಭ್ಯಾಸ ಬೇಡ. ಹಸಿರು ಬಣ್ಣ ಬರುವುದು ನಮ್ಮದೇ ಬಿಳಿ ರಕ್ತಕಣಗಳಲ್ಲಿರುವ ಕಿಣ್ವದಿಂದ. ವೈರಸ್ ನೆಗಡಿಯಲ್ಲೂ ಹಾಗಾಗುತ್ತದೆ. ಬಿಳಿ ಲೋಳೆಗಂತೂ ಆಂಟಿಬಯೋಟಿಕ್ ಏನೂ ಮಾಡದು.

ಬಿಪಿ ಮಾತ್ರೆ ಯಾವುದು? ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್ ಹೀಗೆ ‘ಪ್ರಿಲ್’ನಲ್ಲಿ ಮುಗಿಯುವ ಹೆಸರಾದರೆ ಗಂಟಲ ಕೆರೆತ, ಒಣಕೆಮ್ಮು ಅದರಿಂದಲೇ ಬರಬಹುದು. ಶುರು ಮಾಡಿ ತಿಂಗಳುಗಳಾದ ಮೇಲೂ ಕಾಣಿಸಿಕೊಳ್ಳುತ್ತದೆ, ಬದಲಿಸಿದ ಮೇಲೂ ಹೋಗಲು ಒಂದರಿಂದ ನಾಲ್ಕು ವಾರ ಹಿಡಿಯುತ್ತದೆ. ತಾವಾಗಿ ನಿಲ್ಲಿಸದೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಬೇಕು.

ಹೊಳೆಬಾಗಿಲು

ಟೆಲ್ಮಿಸಾರ್ಟನ್ 40. ಸೀನು ಬೆಳಿಗ್ಗೆ ನಾಲ್ಕೈದು ಇರುತ್ತದೆ, ಅದನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹತ್ತಿ ಹಾಸಿಗೆ, ಮಳೆಗಾಲದಲ್ಲಿ ಕೋಣೆಗೆ ಮುಗ್ಗಲು ವಾಸನೆ. ರಾತ್ರಿ ಊಟ ಒಂಬತ್ತೂವರೆಗೆ, ಹತ್ತೂಕಾಲಿಗೆ ಮಲಗುವುದು.

ಬಿಳಿಗಿರಿ

ಟೆಲ್ಮಿಸಾರ್ಟನ್ ಆ ಗುಂಪಿನದಲ್ಲ, ಅದನ್ನು ಬಿಟ್ಟುಬಿಡಿ. ಬೆಳಗಿನ ಸೀನು ಮತ್ತು ಮುಗ್ಗಲು ಕೋಣೆ ಮೂಗಿನ ಕಡೆ, ತಡವಾದ ಊಟ ಹೊಟ್ಟೆಯ ಕಡೆ. ಮೂಗಿನಿಂದ ಶುರು ಮಾಡಿ ನಾಲ್ಕು ವಾರ, ಅದರ ಫಲ ನೋಡಿಕೊಂಡು ರಿಫ್ಲಕ್ಸ್. ಊಟದ ಹೊತ್ತು ಬದಲಿಸುವುದನ್ನು ಮಾತ್ರ ಇವತ್ತೇ ಮಾಡಬಹುದು, ಅದಕ್ಕೆ ಔಷಧ ಬೇಡವಲ್ಲ.

ಗಜನಿ ಗದ್ದೆ

ಮೂಗು ತೊಳೆಯುವ ಕ್ರಮವನ್ನು ಬರೆಯುತ್ತೇನೆ. ಮುಕ್ಕಳಿಸುವುದರಿಂದ ಇವರಿಗೆ ಫಲ ಸಿಗದಿರಲು ಕಾರಣವಿದೆ. ಬಾಯಿಯಿಂದ ಮುಕ್ಕಳಿಸಿದ ನೀರು ಕಿರುನಾಲಿಗೆಯ ಮುಂದಿನ ಭಾಗವನ್ನಷ್ಟೇ ಮುಟ್ಟುತ್ತದೆ, ಲೋಳೆ ಇಳಿಯುವ ಜಾಗ ಅಂಗುಳದ ಮೇಲೆ, ಮೂಗಿನ ಹಿಂಬಾಗಿಲಿನಲ್ಲಿದೆ. ಅಲ್ಲಿಗೆ ನೀರು ಹೋಗಬೇಕಾದರೆ ಮೂಗಿನಿಂದಲೇ ಹೋಗಬೇಕು. ಯೋಗ ಮಾಡುವವರ ಜಲನೇತಿ ಇದೇ. ನೇತಿ ಪಾತ್ರೆ ಆದೀತು, 240 ಮಿ.ಲೀ. ಹಿಡಿಯುವ ಮೆತ್ತನೆಯ ಹಿಂಡುಬಾಟಲಿಯೂ ಆದೀತು.

ನೀರಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ನಲ್ಲಿ ನೀರು, ಬಾವಿ ನೀರು, ಆರ್‌ಒ ಯಂತ್ರದ ನೀರು ಯಾವುದನ್ನೂ ನೇರವಾಗಿ ಮೂಗಿಗೆ ಹಾಕಬಾರದು. ಕುಡಿದರೆ ಏನೂ ಮಾಡದ ನೀಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಹೋದರೆ ಮಿದುಳಿಗೆ ಸೇರುತ್ತದೆ. ಬಹಳ ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ. ಪಕ್ಕದ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಮಿದುಳು ಸೋಂಕಿನ ಪ್ರಕರಣಗಳು ಸಾಲಾಗಿ ಕಂಡವು. ನೀರು ಚೆನ್ನಾಗಿ ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಸುಮಾರು 2,000 ಮೀಟರಿಗಿಂತ ಎತ್ತರದ ಊರಿನಲ್ಲಿ ಮೂರು ನಿಮಿಷ ಬೇಕು, ಆದರೆ ನಮ್ಮ ಮುಳ್ಳಯ್ಯನಗಿರಿಯ ತುದಿಯೂ ಅಷ್ಟು ಎತ್ತರವಿಲ್ಲ. ಕುದಿಸಿ, ಮುಚ್ಚಿಟ್ಟು ಆರಿಸಿ, 24 ಗಂಟೆಯೊಳಗೆ ಬಳಸಿ.

ಅಳತೆ: ಅರ್ಧ ಲೀಟರ್ ನೀರಿಗೆ 4.5 ಗ್ರಾಂ ಉಪ್ಪು. ನಯವಾದ ಪುಡಿಯುಪ್ಪಾದರೆ 5 ಮಿ.ಲೀ.ಯ ಟೀ ಚಮಚದಲ್ಲಿ ಮಟ್ಟಸವಾಗಿ ಮುಕ್ಕಾಲು ಭಾಗ. ಜೊತೆಗೆ ಕಾಲು ಚಮಚ ಅಡುಗೆ ಸೋಡಾ, ಇದರಿಂದ ಉರಿ ಕಡಿಮೆಯಾಗುತ್ತದೆ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದು ಬೇಡ. ಅಯೋಡಿನ್ ಇಲ್ಲದ ಶುದ್ಧ ಉಪ್ಪು ಒಳ್ಳೆಯದು. ಅಯೋಡಿನ್ ಉಪ್ಪು ಅಪಾಯವಲ್ಲ, ಕೆಲವರಿಗೆ ಚುರುಗುಟ್ಟುತ್ತದೆ ಅಷ್ಟೆ. ಹರಳುಪ್ಪನ್ನು ಮಾತ್ರ ಚಮಚದಲ್ಲಿ ಅಳೆಯಬೇಡಿ, ಹರಳಿನ ನಡುವೆ ಜಾಗ ಇರುವುದರಿಂದ ತೂಕ ತಪ್ಪುತ್ತದೆ, ಮಣ್ಣಿನ ಕಣವೂ ಇರುತ್ತದೆ. ಇದೆಲ್ಲ ರೇಜಿಗೆ ಅನಿಸಿದರೆ ಮೆಡಿಕಲ್ ಶಾಪಿನಲ್ಲಿ ಅಳತೆ ಮಾಡಿದ ಪೊಟ್ಟಣ ಸಿಗುತ್ತದೆ.

ಮಾಡುವ ಬಗೆ: ನೀರು ಮೊಣಕೈಗೆ ಹಾಕಿದರೆ ಬೆಚ್ಚಗೂ ಅಲ್ಲ ತಣ್ಣಗೂ ಅಲ್ಲ ಅನ್ನುವಷ್ಟಿರಲಿ. ಬಚ್ಚಲಲ್ಲಿ ಇಲ್ಲವೇ ಸಿಂಕಿನ ಮೇಲೆ ಮುಂದಕ್ಕೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಾಯಿ ತೆರೆದು ಬಾಯಲ್ಲೇ ಉಸಿರಾಡಬೇಕು. ಮೇಲಿನ ಹೊಳ್ಳೆಗೆ ಮೂತಿ ಇಟ್ಟು ನಿಧಾನ ಒತ್ತಿದರೆ ಕೆಳಗಿನ ಹೊಳ್ಳೆಯಿಂದ ನೀರು ಬರುತ್ತದೆ. ನೀರು ಬಾಯಿಗೆ ಇಳಿಯುತ್ತಿದ್ದರೆ ‘ಕ, ಕ, ಕ’ ಎಂದು ಹೇಳುತ್ತಿರಿ, ಆಗ ಮೃದು ಅಂಗುಳ ಮೇಲೆದ್ದು ಬಾಗಿಲು ಮುಚ್ಚುತ್ತದೆ. ಅರ್ಧ ಬಾಟಲಿ ಒಂದು ಕಡೆ, ಅರ್ಧ ಇನ್ನೊಂದು ಕಡೆ. ಮುಗಿದ ಮೇಲೆ ತಲೆಯನ್ನು ಕೆಳಗೆ ಬಾಗಿಸಿ ಎಡಕ್ಕೂ ಬಲಕ್ಕೂ ತಿರುಗಿಸಿ, ಇಲ್ಲದಿದ್ದರೆ ಸೈನಸ್ಸಿನಲ್ಲಿ ನಿಂತ ನೀರು ಅರ್ಧ ಗಂಟೆ ಬಿಟ್ಟು ಬಾಗಿದಾಗ ಸುರಿಯುತ್ತದೆ. ಆಮೇಲೆ ಬಾಯಿ ತೆರೆದುಕೊಂಡೇ ಮೆಲ್ಲಗೆ ಮೂಗು ಸೀಟಿ. ಎರಡೂ ಹೊಳ್ಳೆ ಒತ್ತಿ ಹಿಡಿದು ಜೋರಾಗಿ ಸೀಟಿದರೆ ನೀರು ಕಿವಿಯ ನಾಳಕ್ಕೆ ಹೋಗುತ್ತದೆ. ಕಿವಿ ಗುಂಯ್‌ಗುಟ್ಟುತ್ತದೆ ಎಂದು ದೂರುವವರಲ್ಲಿ ಹೆಚ್ಚಿನವರ ತಪ್ಪು ಇದು.

ಉರಿದರೆ ಉಪ್ಪು ಕಡಿಮೆಯಾಗಿದೆ ಇಲ್ಲವೇ ಬಹಳ ಹೆಚ್ಚಾಗಿದೆ, ಅಥವಾ ನೀರು ತಣ್ಣಗಿದೆ. ಬರೀ ನೀರು ಎಲ್ಲಕ್ಕಿಂತ ಹೆಚ್ಚು ಉರಿಸುತ್ತದೆ. ಮೂಗು ಪೂರ್ತಿ ಕಟ್ಟಿದ್ದಾಗ, ಕಿವಿನೋವು ಇದ್ದಾಗ ಮಾಡಬೇಡಿ. ಮಲಗಲು ಕನಿಷ್ಠ ಒಂದು ಗಂಟೆ ಮುಂಚೆ ಮುಗಿಸಿ. ಬಾಟಲಿಯನ್ನು ಪ್ರತಿ ಸಲ ಕುದಿಸಿದ ನೀರಲ್ಲೇ ತೊಳೆದು ಬೋರಲು ಹಾಕಿ ಒಣಗಿಸಿ, ಮೂರು ತಿಂಗಳಿಗೊಮ್ಮೆ ಬದಲಿಸಿ. ಒದ್ದೆ ಬಾಟಲಿಯನ್ನು ಮುಚ್ಚಳ ಹಾಕಿ ಎತ್ತಿಟ್ಟರೆ ಒಳಗೆ ಪಾಚಿ ಕಟ್ಟಿದಂತೆ ಪದರ ಬೆಳೆಯುತ್ತದೆ.

ಬಿಳಿಗಿರಿ

ಅದರ ಮೇಲೆ ಸ್ಪ್ರೇ. ತೊಳೆದು 10-15 ನಿಮಿಷ ಬಿಟ್ಟು ಹಾಕಬೇಕು, ಮುಂಚೆ ಹಾಕಿದರೆ ಔಷಧವೇ ತೊಳೆದು ಹೋಗುತ್ತದೆ.

ಫ್ಲುಟಿಕಸೋನ್ ಪ್ರೊಪಿಯೊನೇಟ್ ಇಲ್ಲವೇ ಮೊಮೆಟಸೋನ್, ಒಂದು ಪಂಪಿಗೆ 50 ಮೈಕ್ರೊಗ್ರಾಂ. ದೊಡ್ಡವರಿಗೆ ವಾಡಿಕೆಯಲ್ಲಿ ಪ್ರತಿ ಹೊಳ್ಳೆಗೆ ಎರಡೆರಡು ಪಂಪ್, ದಿನಕ್ಕೊಮ್ಮೆ. ಹೊಸ ಬಾಟಲಿಯನ್ನು ಕುಲುಕಿ, ಸಮನಾದ ಮಂಜು ಬರುವವರೆಗೆ ಗಾಳಿಯಲ್ಲಿ ಒತ್ತಿ. ತಲೆಯನ್ನು ಹಿಂದಕ್ಕೆ ಎತ್ತಬೇಡಿ, ಕೊಂಚ ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹಿಡಿದರೆ ಮೂತಿ ತಾನಾಗಿ ಹೊರಗೋಡೆಯತ್ತ, ಅದೇ ಕಡೆಯ ಕಿವಿಯತ್ತ ತಿರುಗುತ್ತದೆ. ನಡುಗೋಡೆಗೆ ಬಡಿಯುವಂತೆ ಹಾಕಿದರೆ ಒಣಗಿ ರಕ್ತ ಬರುತ್ತದೆ. ಹಾಕುವಾಗ ಮೆಲ್ಲಗೆ ಉಸಿರೆಳೆಯಿರಿ. ಜೋರಾಗಿ ಸೊರ್ ಎಂದು ಎಳೆದರೆ ಮದ್ದು ಮೂಗಿನಲ್ಲಿ ನಿಲ್ಲದೆ ಗಂಟಲಿಗೆ ಇಳಿಯುತ್ತದೆ. ಬಾಯಲ್ಲಿ ಕಹಿ ಬಂದರೆ ಹಾಗಾಗಿದೆ ಎಂದು ತಿಳಿಯಿರಿ.

ನಾಲ್ಕು ವಾರ ಒಂದು ದಿನವೂ ತಪ್ಪದಂತೆ ಹಾಕಿದ ಮೇಲೆ ತೀರ್ಮಾನ. ಇದನ್ನು ಒಟ್ರಿವಿನ್, ನೇಸಿವಿಯಾನ್ ತರಹದ ಮೂಗು ತೆರೆಸುವ ಹನಿಗಳ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅವು ನಿಮಿಷಗಳಲ್ಲಿ ಮೂಗು ತೆರೆಯುತ್ತವೆ, ಆದರೆ ಮೂರರಿಂದ ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಬಿಟ್ಟ ಕೂಡಲೇ ಮೂಗು ಮೊದಲಿಗಿಂತ ಬಲವಾಗಿ ಕಟ್ಟುತ್ತದೆ, ಮತ್ತೆ ಹನಿ ಬೇಕಾಗುತ್ತದೆ. ಬಿಪಿ ಇರುವವರು ಫಿನೈಲೆಫ್ರಿನ್, ಸ್ಯೂಡೊಎಫೆಡ್ರಿನ್ ಸೇರಿದ ನೆಗಡಿ ಮಾತ್ರೆಗಳನ್ನೂ ಕೇಳದೆ ತೆಗೆದುಕೊಳ್ಳಬಾರದು.

ಮಾಂಟೆಲುಕಾಸ್ಟ್ ಬಗ್ಗೆ ಒಂದು ಎಚ್ಚರಿಕೆ. ನಿದ್ದೆಗೆಡುವುದು, ಕೆಟ್ಟ ಕನಸು, ಖಿನ್ನತೆ, ಸಾಯುವ ಯೋಚನೆ ಇಂಥ ಪರಿಣಾಮಗಳ ಕಾರಣ 2020ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ಮೇಲೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು, ಬರೀ ಮೂಗಿನ ಅಲರ್ಜಿಗಾದರೆ ಬೇರೆ ಔಷಧ ಫಲಿಸದಾಗ ಮಾತ್ರ ಬಳಸಿ ಎಂದಿತು. ನಮ್ಮಲ್ಲಿ ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ತಿನ್ನುವವರು ಬಹಳ. ಕ್ಲೋರ್‌ಫೆನಿರಮಿನ್ ತರಹದ ಹಳೆಯ ಅಲರ್ಜಿ ಮಾತ್ರೆಗಳು ತೂಕಡಿಕೆ ತರುವುದಲ್ಲದೆ ಲೋಳೆಯನ್ನು ಒಣಗಿಸಿ ಅಂಟಾಗಿಸುತ್ತವೆ. ಗಂಟಲಲ್ಲಿ ಅಂಟಿಕೊಂಡಿದೆ ಎಂಬ ದೂರು ಇರುವವರಿಗೆ ಅದು ಇನ್ನಷ್ಟು ಹಿಂಸೆ.

ಮಣ್ಣಿನ ಮನೆ

ಮಲೆನಾಡಿನ ಹಾಸಿಗೆಯ ವಿಷಯ ಯಾರೂ ಎತ್ತಲಿಲ್ಲ. ಧೂಳುಹುಳ (ಡಸ್ಟ್ ಮೈಟ್) ಬದುಕಲು ಗಾಳಿಯ ತೇವ ಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮನೆಯೊಳಗೆ ಅದಕ್ಕೆ ಹಬ್ಬ. ನೆಗಡಿ ಹೋದರೂ ಕಫ ಉಳಿದಿದ್ದು ಅದೇ ತಿಂಗಳುಗಳಲ್ಲಿ, ಗಮನಿಸಿ.

ಹಾಸಿಗೆ, ದಿಂಬಿಗೆ ಒತ್ತು ನೇಯ್ಗೆಯ ಜಿಪ್ ಗವಸು ಹಾಕಿ. ಹೊದಿಕೆ, ದಿಂಬಿನ ಚೀಲ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯಬೇಕು, ತಣ್ಣೀರಲ್ಲಿ ಹುಳ ಸಾಯುವುದಿಲ್ಲ. ನವೆಂಬರ್ ಬಿಸಿಲು ಬಂದ ಮೇಲೆ ಹಾಸಿಗೆಯನ್ನು ಇಡೀ ದಿನ, ಮಗ್ಗುಲು ಬದಲಿಸಿ ಒಣಗಿಸಿ. ಕೊಡವುವ ಕೆಲಸ ಅಕ್ಕನದಾಗಬಾರದು. ಒಣ ಪೊರಕೆಯ ಬದಲು ಒದ್ದೆ ಬಟ್ಟೆ. ಗೋಡೆಯ ಬೂಷ್ಟನ್ನು ಒಣಗಿದ್ದಾಗ ಉಜ್ಜಬೇಡಿ, ಬೀಜಕಣ ಗಾಳಿಗೆ ಏಳುತ್ತವೆ. ಒದ್ದೆ ಮಾಡಿ ಒರೆಸಿ, ನೀರು ಎಲ್ಲಿಂದ ಇಳಿಯುತ್ತಿದೆ ನೋಡಿ. ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ ಹೊಗೆ ಮಲಗುವ ಕೋಣೆಯಲ್ಲಿ ಬೇಡ, ಸೊಳ್ಳೆಪರದೆ ಸಾಕು. ಬಯಲುಸೀಮೆಯವರು ಇದನ್ನು ಓದುತ್ತಿದ್ದರೆ ನಿಮ್ಮ ಕಡೆ ಹಾಸಿಗೆಗಿಂತ ಖಾಲಿ ಸೈಟಿನ ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡ, ದೊಡ್ಡ ಕಾರಣವಾಗಿರಬಹುದು. ಹೂ ಬಿಡುವ ಮುಂಚೆ ಕಿತ್ತರೆ ಮಾತ್ರ ಉಪಯೋಗ.

ಕರಿಮೆಣಸು

ಹಬೆ ಮತ್ತು ಹಾಲಿನ ಬಗ್ಗೆ ಎರಡು ಮಾತು. ಹಬೆ ತೆಗೆದುಕೊಂಡಾಗ ಹಗುರ ಅನಿಸುವುದು ನಿಜ, ಅದು ಅರ್ಧ ಗಂಟೆಯ ಸುಖ, ಕಾರಣವನ್ನು ಮುಟ್ಟುವುದಿಲ್ಲ. ಕುದಿಯುವ ಪಾತ್ರೆಯ ಮೇಲೆ ಕಂಬಳಿ ಹೊದ್ದು ಬಗ್ಗುವುದರಿಂದ ಸುಟ್ಟ ಗಾಯಗಳಾಗುತ್ತವೆ, ಮಕ್ಕಳಿಗಂತೂ ಕೊಡಲೇಬಾರದು. ಬಿಸಿನೀರ ಸ್ನಾನದ ಕೋಣೆಯ ಆವಿ ಅಷ್ಟೇ ಕೆಲಸ ಮಾಡುತ್ತದೆ.

ಹಾಲು ಕಫ ಹುಟ್ಟಿಸುವುದಿಲ್ಲ. ಹಾಲು ಜೊಲ್ಲಿನೊಂದಿಗೆ ಬೆರೆತು ಸ್ವಲ್ಪ ಹೊತ್ತು ಗಂಟಲಲ್ಲಿ ದಪ್ಪಗೆ ಅನಿಸುತ್ತದೆ, ಅದನ್ನೇ ಜನ ಕಫ ಅಂದುಕೊಳ್ಳುವುದು. ಮೂರು ತಿಂಗಳು ಬಿಟ್ಟೂ ವ್ಯತ್ಯಾಸ ಆಗಿಲ್ಲವೆಂದ ಮೇಲೆ ಉತ್ತರ ಸಿಕ್ಕಿದೆ. 46ರ ಹೆಂಗಸಿಗೆ ಕ್ಯಾಲ್ಸಿಯಂ ಮುಖ್ಯ, ಮತ್ತೆ ಶುರು ಮಾಡಲಿ.

ಶ್ರುತಿಪೆಟ್ಟಿಗೆ

ಭಾನುವಾರ ಸರಿಯಿರುತ್ತದೆ ಎಂಬ ಮಾತನ್ನು ಎಲ್ಲರೂ ದಾಟಿ ಹೋದಿರಿ. ಇದರಲ್ಲಿ ಅರ್ಧ ಧ್ವನಿಯ ಸಮಸ್ಯೆ.

ಪ್ರತಿ ಸಲ ಕ್ಯಾಕರಿಸಿದಾಗ ಎರಡು ಧ್ವನಿತಂತುಗಳು ಒಂದಕ್ಕೊಂದು ರಪ್ಪೆಂದು ಬಡಿಯುತ್ತವೆ. ಬಡಿದಲ್ಲಿ ಊತ ಬರುತ್ತದೆ, ಊದಿದ ಪೊರೆ ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಲೋಳೆ ಸುರಿಸುತ್ತದೆ, ಆ ಲೋಳೆ ಮತ್ತೆ ಕ್ಯಾಕರಿಸಲು ಹೇಳುತ್ತದೆ. ಮೂಲ ನೆಗಡಿ ಹೋಗಿ ತಿಂಗಳುಗಳಾದರೂ ಈ ಚಕ್ರ ತಾನಾಗಿ ತಿರುಗುತ್ತಿರುತ್ತದೆ. ಸ್ಪ್ರೇ ಎಷ್ಟು ಚೆನ್ನಾಗಿ ಹಾಕಿದರೂ ಕ್ಯಾಕರಿಸುವುದು ನಿಲ್ಲದಿದ್ದರೆ ಗಂಟಲು ಶಾಂತವಾಗುವುದಿಲ್ಲ.

ಬಿಡು ಅಂದರೆ ಬಿಡಲಾಗುವುದಿಲ್ಲ, ಬದಲಿಗೆ ಬೇರೊಂದು ಕೊಡಬೇಕು. ಒತ್ತಡ ಬಂದ ಕೂಡಲೇ ಒಂದು ಗುಟುಕು ನೀರು ಬಾಯಲ್ಲಿ ಹಿಡಿದು, ಗದ್ದವನ್ನು ತುಸು ಕೆಳಗಿಳಿಸಿ, ಬಲವಾಗಿ ನುಂಗುವುದು. ನೀರಿಲ್ಲದಿದ್ದರೆ ಒಣ ನುಂಗು, ಎರಡು ಸಲ. ಅದಕ್ಕೂ ಜಗ್ಗದಿದ್ದರೆ ಧ್ವನಿ ಇಲ್ಲದೆ, ಕನ್ನಡಿಗೆ ಆವಿ ಹಿಡಿಸುವಂತೆ ‘ಹ್ಹ’ ಎಂದು ಗಾಳಿ ಬಿಟ್ಟು ಕೂಡಲೇ ನುಂಗುವುದು. ಮೂರನೆಯದು, ತುಟಿ ಮುಚ್ಚಿ ಐದು ಸೆಕೆಂಡ್ ‘ಮ್‌’ ಎಂದು ಮೆಲ್ಲಗೆ ಗುನುಗುವುದು, ಆ ಕಂಪನಕ್ಕೆ ಲೋಳೆ ಜಾರುತ್ತದೆ. ಮೊದಲ ವಾರ ಬರೀ ಎಣಿಸಲಿ, ಒಂದು ಪೀರಿಯಡ್‌ಗೆ ಎಷ್ಟು ಸಲ ಎಂದು. ಎರಡನೇ ವಾರದಿಂದ ಬದಲಿ ಕ್ರಮ. ಮೊದಲ ನಾಲ್ಕೈದು ದಿನ ಅಂಟು ಹೆಚ್ಚಾದಂತೆ ಅನಿಸುತ್ತದೆ. ಬಹಳ ಜನ ಕೈಬಿಡುವುದು ಅಲ್ಲೇ, ಅದನ್ನು ದಾಟಬೇಕು.

ತರಗತಿಗೆ ನೀರಿನ ಬಾಟಲಿ ಹೋಗಲಿ, ಪ್ರತಿ 15-20 ನಿಮಿಷಕ್ಕೆ ಗುಟುಕು. ಮೂತ್ರ ತಿಳಿಹಳದಿ ಇರುವಷ್ಟು ನೀರು ಸಾಕು. ಗಲಾಟೆಯ ಮೇಲೆ ಕೂಗುವ ಬದಲು ಚಪ್ಪಾಳೆ ಇಲ್ಲವೇ ಡಸ್ಟರ್ ಸದ್ದು. ಕಪ್ಪುಹಲಗೆಯ ಕಡೆ ತಿರುಗಿ ಮಾತಾಡಿದರೆ ಧ್ವನಿಗೂ ಶ್ರಮ, ಸೀಮೆಸುಣ್ಣದ ಪುಡಿಯೂ ನೇರ ಮೂಗಿಗೆ, ಒದ್ದೆ ಬಟ್ಟೆಯಲ್ಲಿ ಒರೆಸಲಿ. ಪಿಸುಮಾತು ಧ್ವನಿಗೆ ವಿಶ್ರಾಂತಿಯಲ್ಲ, ಅದೂ ಆಯಾಸವೇ.

ಒಂದು ಮುಖ್ಯ ವಿಷಯ: ಗಂಟಲಿಗೆ ಒಳ್ಳೆಯದೆಂದು ಜೇಷ್ಠಮಧು ಅಗಿಯುವ ಅಭ್ಯಾಸ ಇದ್ದರೆ ಇವರಿಗೆ ಬೇಡವೇ ಬೇಡ. ಅದು ದಿನಾ ಸೇರಿದರೆ ಬಿಪಿ ಏರುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ. ಪುದೀನ ಸತ್ವದ ಗಂಟಲು ಪೆಪ್ಪರ್‌ಮಿಂಟ್‌ಗಳೂ ತಂಪು ಅನಿಸಿ ಒಣಗಿಸುತ್ತವೆ, ಮೇಲಾಗಿ ಅನ್ನನಾಳದ ಕೆಳಬಾಗಿಲನ್ನು ಸಡಿಲಿಸುತ್ತವೆ.

ಆರು ವಾರದಲ್ಲಿ ಧ್ವನಿ ಸುಧಾರಿಸದಿದ್ದರೆ ಸ್ಪೀಚ್ ಥೆರಪಿಸ್ಟ್ ನೋಡಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಎನ್‌ಟಿಯವರೂ (ಕಿವಿ-ಮೂಗು-ಗಂಟಲಿನ ಡಾಕ್ಟರು) ಧ್ವನಿ ಚಿಕಿತ್ಸಕರೂ ಒಂದೇ ಆವರಣದಲ್ಲಿದ್ದಾರೆ, ಶಿಕ್ಷಕರಿಗೆ, ಹಾಡುಗಾರರಿಗೆ ಅದು ಹೇಳಿ ಮಾಡಿಸಿದ ಜಾಗ.

ಹೊಳೆಬಾಗಿಲು

ಜೇಷ್ಠಮಧು ದಿನಾ ಬಾಯಲ್ಲಿರುತ್ತದೆ! ಇವತ್ತೇ ಬಿಡಿಸುತ್ತೇನೆ. ಎದೆಯುರಿ ಇಲ್ಲದೆಯೂ ರಿಫ್ಲಕ್ಸ್ ಇರಬಹುದೇ? ಹಾಗಿದ್ದರೆ ಪ್ಯಾಂಟೊಪ್ರಜೋಲ್ ಮತ್ತೆ ಶುರು ಮಾಡಬೇಕೇ?

ಕೊಡಚಾದ್ರಿ ಇಳಿಜಾರು

ಇರಬಹುದು. ಅನ್ನನಾಳ ದಿನಕ್ಕೆ ಹಲವು ಸಲ ಆಮ್ಲದ ಸ್ಪರ್ಶವನ್ನು ತಡೆದುಕೊಳ್ಳಬಲ್ಲದು, ಧ್ವನಿಪೆಟ್ಟಿಗೆಯ ಪೊರೆಗೆ ಆ ತಾಳಿಕೆ ಇಲ್ಲ. ಅದಕ್ಕೇ ಎದೆಯಲ್ಲಿ ಉರಿಯಿಲ್ಲದೆ ಗಂಟಲಲ್ಲಿ ಮಾತ್ರ ದೂರು. ಮೇಲೇರುವುದು ಆಮ್ಲವೊಂದೇ ಅಲ್ಲ, ಜೀರ್ಣಕಿಣ್ವ ಪೆಪ್ಸಿನ್ ಕೂಡ. ಆಮ್ಲ ತಗ್ಗಿಸುವ ಮಾತ್ರೆ ಪೆಪ್ಸಿನ್ ಮೇಲೇರುವುದನ್ನು ತಡೆಯುವುದಿಲ್ಲ.

ಅದಕ್ಕೇ ಮಾತ್ರೆಯ ಮೇಲೆ ಬಹಳ ಭರವಸೆ ಇಡಬೇಡಿ. ಬ್ರಿಟನ್ನಿನಲ್ಲಿ ಇಂಥದೇ ಗಂಟಲ ದೂರು ಇದ್ದವರಿಗೆ 16 ವಾರ ದಿನಕ್ಕೆರಡು ಬಾರಿ 30 ಮಿ.ಗ್ರಾಂ ಲ್ಯಾನ್ಸೊಪ್ರಜೋಲ್ ಕೊಟ್ಟು ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಔಷಧವಿಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಿಗಿಂತ ಇವರು ಹೆಚ್ಚು ಸುಧಾರಿಸಲಿಲ್ಲ. ಎದೆಯುರಿ, ಹುಳಿತೇಗು ಜೊತೆಗಿದ್ದರೆ ಡಾಕ್ಟರ್ ಹೇಳಿದಂತೆ ಎಂಟು ವಾರ ನೋಡಬಹುದು, ಆಗಲೂ ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ನುಂಗಬೇಕು. ಊಟವಾದ ಮೇಲೆ ನುಂಗಿದರೆ ಫಲ ಬಹಳ ಕಡಿಮೆ.

ಇವರ ವಿಷಯದಲ್ಲಿ ಫಲ ಕೊಡುವುದು ಗಡಿಯಾರ. ಒಂಬತ್ತೂವರೆ ಊಟ, ಹತ್ತೂಕಾಲು ನಿದ್ದೆ ಎಂದರೆ ತುಂಬಿದ ಹೊಟ್ಟೆ ಮಟ್ಟಸವಾಗಿ ಮಲಗಿದಂತೆ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಬೇಕು. ಏಳೂಕಾಲಕ್ಕೆ ಊಟ ಸಾಧ್ಯವಿಲ್ಲದ ಮನೆಯಾದರೆ ಸಂಜೆ ಆರಕ್ಕೆ ಮುಖ್ಯ ಊಟದ ಮುಕ್ಕಾಲು ಭಾಗ, ರಾತ್ರಿ ಒಂದು ಲೋಟ ಗಂಜಿಯಷ್ಟೇ. ಮಂಚದ ತಲೆಕಡೆಯ ಕಾಲುಗಳ ಕೆಳಗೆ 15 ರಿಂದ 20 ಸೆಂಟಿಮೀಟರ್ ಮರದ ದಿಮ್ಮಿ ಕೊಡಿ. ದಿಂಬಿನ ಮೇಲೆ ದಿಂಬು ಹಾಕಿದರೆ ಕುತ್ತಿಗೆ ಮಾತ್ರ ಎದ್ದು ಹೊಟ್ಟೆ ಮಡಿಸಿ ಒತ್ತಡ ಹೆಚ್ಚಾಗುತ್ತದೆ. ಎಡ ಮಗ್ಗುಲಲ್ಲಿ ಮಲಗಲಿ. ಹೊಟ್ಟೆ ಹೀಗೆ ತಿರುಗಿದಾಗ ಅನ್ನನಾಳದ ಬಾಯಿ ಆಮ್ಲದ ಮಟ್ಟಕ್ಕಿಂತ ಮೇಲಿರುತ್ತದೆ.

ಕಾಫಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ. ಖಾಲಿ ಹೊಟ್ಟೆಯ ಕಾಫಿ ಮತ್ತು ಸಂಜೆ ಐದರ ನಂತರದ ಕಾಫಿ ಇವೆರಡನ್ನು ಎರಡು ವಾರ ತೆಗೆದು ನೋಡಲಿ. ರಾತ್ರಿ ಬಜ್ಜಿ, ಬೋಂಡ, ಹುಳಿ-ಖಾರದ ಸಾರು ಬೇಡ. ಆಲ್ಜಿನೇಟ್ ದ್ರಾವಣ 10 ಮಿ.ಲೀ. ಊಟದ ನಂತರ ಮತ್ತು ಮಲಗುವಾಗ ತೆಗೆದುಕೊಂಡರೆ ಹೊಟ್ಟೆಯ ಮೇಲೆ ತೆಪ್ಪದಂತೆ ತೇಲಿ ತಡೆಯುತ್ತದೆ. ಅದರ ಮೇಲೆ ನೀರು ಕುಡಿದರೆ ತೆಪ್ಪ ಒಡೆಯುತ್ತದೆ. ಅದರಲ್ಲಿ ಸೋಡಿಯಂ ಇರುವುದರಿಂದ ಬಿಪಿ ಇರುವ ಇವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು.

ಇಂಟರ್ನೆಟ್ಟಿನಲ್ಲಿ ಒಂಬತ್ತು ಪ್ರಶ್ನೆಯ ಅಂಕಪಟ್ಟಿ ಸಿಗುತ್ತದೆ, 13 ದಾಟಿದರೆ ರಿಫ್ಲಕ್ಸ್ ಎನ್ನುತ್ತದೆ. ಅದರಲ್ಲಿ ಗಂಟಲ ಕಫ, ಕ್ಯಾಕರಿಸುವುದು, ಧ್ವನಿ ಒಡೆಯುವುದು ಎಲ್ಲಕ್ಕೂ ಅಂಕವಿದೆ. ಬರೀ ಅಲರ್ಜಿ ಇರುವವರೂ 13 ದಾಟುತ್ತಾರೆ. ಸುಧಾರಣೆ ಅಳೆಯಲು ಅದು ಚೆನ್ನ, ರೋಗ ತೀರ್ಮಾನಕ್ಕೆ ಸಾಲದು.

ಬಿಳಿಗಿರಿ

ಸ್ಕ್ಯಾನ್ ಕೇಳಿದ್ದಿರಿ. ಸೈನಸ್ ಎಕ್ಸ್‌ರೇ ನಾರ್ಮಲ್ ಎಂಬುದಕ್ಕೆ ಬೆಲೆ ಕಡಿಮೆ. ಮೊದಲ ಪರೀಕ್ಷೆ ಇಎನ್‌ಟಿ ಹತ್ತಿರ ಮೂಗಿನ ಎಂಡೋಸ್ಕೋಪಿ. ತೆಳುವಾದ ದುರ್ಬೀನು, ಮೂಗಿಗೆ ಮರಗಟ್ಟಿಸುವ ಔಷಧ ಹಾಕಿ ಐದು ನಿಮಿಷದಲ್ಲಿ ಮುಗಿಯುತ್ತದೆ. ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಂಟು), ಕೀವು, ಧ್ವನಿತಂತು ಎಲ್ಲ ಕಣ್ಣಿಗೇ ಕಾಣುತ್ತದೆ. ಧ್ವನಿ ತಿಂಗಳುಗಟ್ಟಲೆ ಒಡೆಯುತ್ತಿರುವುದರಿಂದ ಇವರು ನಾಲ್ಕು ವಾರ ಕಾಯದೆ ಇದನ್ನು ಈಗಲೇ ಮಾಡಿಸಬೇಕು, ಧ್ವನಿತಂತು ನೋಡಿ ಎಂದು ಬಾಯಿಬಿಟ್ಟು ಹೇಳಬೇಕು. ಸಿ.ಟಿ. ಬೇಕಾಗುವುದು ಆಮೇಲೆ, ಅದೂ ಔಷಧ ಪೂರ್ತಿ ನಡೆದ ಮೇಲೆ. ನೆಗಡಿ ಇರುವಾಗ ತೆಗೆಸಿದರೆ ಆರೋಗ್ಯವಂತರಲ್ಲೂ ಪೊರೆ ದಪ್ಪವಾಗಿ ಕಂಡು ಸುಮ್ಮನೆ ಗಾಬರಿ. ಅಲರ್ಜಿಯ ಚರ್ಮ ಪರೀಕ್ಷೆಗೆ ಹೋಗುವುದಾದರೆ ಲಿವೊಸೆಟಿರಿಜಿನ್ ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಅಲ್ಲೇ ಕೇಳಿ, ಸಾಮಾನ್ಯವಾಗಿ ಒಂದು ವಾರ.

ಕಾಯಬಾರದ ಲಕ್ಷಣಗಳು: ಒಂದೇ ಹೊಳ್ಳೆ ಕಟ್ಟುವುದು, ಒಂದೇ ಕಡೆಯಿಂದ ರಕ್ತ ಬೆರೆತ ಸಿಂಬಳ, ನುಂಗುವಾಗ ನೋವು ಅಥವಾ ಅಡ್ಡ ಸಿಕ್ಕಂತೆ ಆಗುವುದು, ಕತ್ತಿನಲ್ಲಿ ಗಂಟು, ಒಂದೇ ಕಿವಿಯ ನೋವು, ತೂಕ ಇಳಿಕೆ. ಎಲೆಅಡಿಕೆ-ಹೊಗೆಸೊಪ್ಪು, ಗುಟ್ಕಾ, ಬೀಡಿ ಅಭ್ಯಾಸ ಇರುವವರಿಗೆ ಇವು ಇನ್ನೂ ಗಂಭೀರ. ಎರಡು ವಾರ ಮೀರಿದ ಕೆಮ್ಮಿನ ಜೊತೆ ಸಂಜೆ ಜ್ವರ, ಕಫದಲ್ಲಿ ರಕ್ತ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಅದು ಉಚಿತ. ಒಂದೇ ಕಡೆ ದುರ್ವಾಸನೆಯ ಕಫ ಇಳಿಯುತ್ತಿದ್ದರೆ ಮೇಲ್ದವಡೆಯ ಹಲ್ಲು ತೋರಿಸಿ, ದವಡೆಹಲ್ಲಿನ ಬೇರಿನ ಕೀವು ಸೈನಸ್ಸಿಗೆ ಒಡೆದಿರಬಹುದು. ಬಗ್ಗಿದಾಗ ಒಂದೇ ಹೊಳ್ಳೆಯಿಂದ ನೀರಿನಂಥ ಉಪ್ಪುರುಚಿಯ ದ್ರವ ತೊಟ್ಟಿಕ್ಕಿದರೆ ಅದು ಮಿದುಳಿನ ಸುತ್ತಲಿನ ದ್ರವ ಇರಬಹುದು, ಅವತ್ತೇ ಆಸ್ಪತ್ರೆ. ಸಕ್ಕರೆ ಕಾಯಿಲೆ ಇರುವವರಿಗೆ ಮುಖದ ಒಂದು ಕಡೆ ನೋವು, ಊತ, ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೂ ಹಾಗೆಯೇ, ಗಂಟೆಗಳ ಲೆಕ್ಕ.

ಹೊಳೆಬಾಗಿಲು

ಈ ವಾರವೇ ಇಎನ್‌ಟಿಗೆ ಕರೆದುಕೊಂಡು ಹೋಗುತ್ತೇನೆ. ಕೊನೆಯದಾಗಿ, ರಾತ್ರಿಯ ಕೆಲಸಗಳ ಸಾಲು ಹೇಗೆ? ತೊಳೆಯುವುದು, ಸ್ಪ್ರೇ, ಊಟ ಎಲ್ಲ ಒಂದರ ಮೇಲೊಂದು ಬೀಳುತ್ತಿವೆ.

ಗಜನಿ ಗದ್ದೆ

ಸಂಜೆ ಶಾಲೆಯಿಂದ ಬಂದ ಕೂಡಲೇ ಮೂಗು ತೊಳೆಯಲಿ. ದಿನದ ಧೂಳು, ಸೀಮೆಸುಣ್ಣ ಆಗಲೇ ಹೋಗುತ್ತದೆ, ಮಲಗುವ ಹೊತ್ತಿಗೆ ಒಳಗೆ ನಿಂತ ನೀರೂ ಇರುವುದಿಲ್ಲ. ಕಾಲು ಗಂಟೆ ಬಿಟ್ಟು ಸ್ಪ್ರೇ. ಏಳೂಕಾಲಕ್ಕೆ ಊಟ, ಆಮೇಲೆ ಹತ್ತು ನಿಮಿಷ ಅಂಗಳದಲ್ಲಿ ಓಡಾಟ, ಹತ್ತೂಕಾಲಿಗೆ ಎಡ ಮಗ್ಗುಲು. ಆಲ್ಜಿನೇಟ್‌ಗೆ ಡಾಕ್ಟರ್ ಒಪ್ಪಿದರೆ ಮಲಗುವಾಗಿನದು ಎಲ್ಲಕ್ಕೂ ಕೊನೆಗೆ, ಅದಾದ ಮೇಲೆ ಏನನ್ನೂ ಕುಡಿಯಬಾರದು. ಬೆಳಿಗ್ಗೆ ಕಫ ಹೆಚ್ಚಿದ್ದರೆ ಇನ್ನೊಮ್ಮೆ ತೊಳೆಯಬಹುದು, ಸ್ಪ್ರೇ ಮಾತ್ರ ದಿನಕ್ಕೊಂದೇ ಹೊತ್ತು. ಹಿಂದಿನ ರಾತ್ರಿ ಕುದಿಸಿಟ್ಟ ನೀರಿಗೆ ಬೆಳಿಗ್ಗೆ ಉಪ್ಪು ಹಾಕಿಕೊಂಡು, ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಎರಡು ನಿಮಿಷ ಇಟ್ಟರೆ ಹದ ಬೆಚ್ಚಗಾಗುತ್ತದೆ. ಬಿಸಿ ಮಾಡಲೆಂದು ನಲ್ಲಿ ನೀರು ಬೆರೆಸಬೇಡಿ.